ಅಕ್ಕನ ಮಜ್ಜೆ

ಭಾವ,

ಅಕ್ಕನ ತಲೆ ಕೆಡಿಸಿದ್ದು ನಾನಲ್ಲ. ಆಸ್ಪತ್ರೆಗೆ ಅವಳೇ ನಡ್ಕೊಂಡು ಹೋದ್ಲು, ನಾನು ಬ್ಯಾಗ್ ಹಿಡ್ಕೊಂಡಿದ್ದೆ ಅಷ್ಟೆ.

ಮೊದಲನೇ ಕೂಸು ಹೊಟ್ಟೆ ಊದ್ಕೊಂಡು ನಮ್ಮ ಕಣ್ಣೆದುರೇ ಹೋಯ್ತು. ಈಗ ಬಸಿರಲ್ಲಿರೋ ಕೂಸಿಗೂ ಅದೇ ರಕ್ತದ ಕಾಯಿಲೆ, ನಿಮ್ಮಿಬ್ರಿಂದಲೂ ಬಂದಿರೋದು. ಹುಟ್ಟೋಕೆ ಮುಂಚೇನೇ ಅಕ್ಕನ ಮೂಳೆ ಒಳಗಿನ ಮಜ್ಜೆ ತೆಗೆದು ಕೂಸಿಗೆ ಸೂಜೀಲಿ ಕೊಟ್ಟು ನೋಡೋಣ ಅಂದ್ರು ಡಾಕ್ಟರಮ್ಮ. ಗ್ಯಾರಂಟಿ ಇಲ್ಲ ಅಂತಾನೂ ಅಂದ್ರು. ಆಗ ನೀವು ಕೇಳಿದ್ದೇನು? "ಅವಳದ್ದು ಹಾಕಿದ್ರೆ ಮಗು ಅವಳ ತವರಿನದ್ದಾಗಲ್ವಾ? ನನ್ನದೇ ಹಾಕಿ." ತಾಯೀದಾದ್ರೆ ಕೂಸಿನ ಮೈ ಒಪ್ಕೊಳ್ಳುತ್ತೆ, ನಿಮ್ಮದನ್ನ ಆಚೆ ತಳ್ಳಬಹುದು ಅಂತ ಅವರು ಬಿಡಿಸಿ ಹೇಳಿದ್ರೂ, "ಹಾಗಾದ್ರೆ ಬೇಡವೇ ಬೇಡ" ಅಂದ್ರಿ. ಥೂ! ಮಗು ಏನು ಸೈಟಾ, ಯಾರ ಪಾಲಿಗೆ ಅಂತ ಕಚ್ಚಾಡೋಕೆ? ನಿಮ್ಮಮ್ಮ ಬೇರೆ, ನಮ್ಮ ಮನೆ ಮೂಗು ಬರಲ್ಲ ಅಂತ ಅತ್ರು. ಆ ಮೂಗು ಬರದಿದ್ರೆ ಪುಣ್ಯ. ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟವನು ನಾನು, ಡಾಕ್ಟರಮ್ಮ ಹೇಳಿದ್ದು ನನಗೇ ಅರ್ಥ ಆಯ್ತು.

ಅಕ್ಕ ತಾನೇ ಸಹಿ ಹಾಕಿದ್ದಾಳೆ. ನಾಳೆ ಬೆಳಿಗ್ಗೆ ಸೂಜಿ. ನಿಮ್ಮ ಮನೆಯಿಂದ ಅವಳ ಸ್ವೆಟರ್, ಕನ್ನಡಕ ತಗೊಂಡಿದ್ದೀನಿ. "ಅವರು ಬರ್ತಾರೇನೋ?" ಅಂತ ಇನ್ನೂ ಕೇಳ್ತಾಳೆ, ಅದನ್ನ ಕೇಳೋಕೂ ನನಗೆ ಹೇಸಿಗೆ. ಬರೋದಾದ್ರೆ ಬಾಯಿ ಮುಚ್ಕೊಂಡು ಬಂದು ಅವಳ ಕೈ ಹಿಡ್ಕೊಳ್ಳಿ.

ಒಳಗೆ ಮುಸುಕು ಹಾಕ್ಕೊಂಡು ನಿದ್ದೆ ನಾಟಕ ಆಡ್ತಿದ್ದೀರಿ, ಗೊತ್ತು. ಇದನ್ನ ಊಟದ ಮೇಜಿನ ಮೇಲಿಟ್ಟು ಹೊರಟೆ. ಬಾಗಿಲು ಎಂಥಾ ಜೋರಾಗಿ ಬಡೀತೀನಿ ಅಂದ್ರೆ, ನಾಟಕದವರೂ ಎದ್ದು ಕೂರಬೇಕು.

ಇಂತಿ,
ಇನ್ನೂ ಆ ಸಂಬಂಧ ಉಳಿದಿದ್ರೆ, ನಿಮ್ಮ ಭಾಮೈದ