ಚಪ್ಪಾಳೆಯ ಮರುದಿನ

ಪ್ರೊಫೆಸರ್ ಮೇಡಂ ಅವರಿಗೆ,

ಪ್ರತಿ ಮಂಗಳವಾರ ನಿಮ್ಮ ಲ್ಯಾಬಿನಲ್ಲಿ ತಲೆಯೊಳಗಿನ ಯೋಚನೆ ಹಿಡಿಯುವ ತಂತಿಗಳ ಟೋಪಿ ಹಾಕಿಸಿಕೊಳ್ಳುವ ಟೈಲರಮ್ಮನ ನಮಸ್ಕಾರ. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಎಡಗೈಯಲ್ಲೇ ಬರೆಯುವುದು; ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸಂಶೋಧಕರ ಹುದ್ದೆಗೆ ಅರ್ಜಿ ಕರೆದಿದ್ದೀರೆಂದು ಬಾಗಿಲಿನ ಮೇಲೆ ಓದಿದೆ. ಪ್ರಯೋಗ ಮುಗಿದ ಮೇಲೆ ಟೋಪಿಗಾಗಿ ನನ್ನ ಕೂದಲಿಗೆ ಹಚ್ಚಿದ ಅಂಟನ್ನು ಬಿಸಿನೀರಿನಲ್ಲಿ ತೊಳೆದುಕೊಡುವ ನಿಮ್ಮ ವಿದ್ಯಾರ್ಥಿನಿಯೂ ಅರ್ಜಿ ಹಾಕಿದ್ದಾಳೆ. ಅವಳ ಪರವಾಗಿ ಒಂದು ಮಾತು.

ನಾನು ಮನಸ್ಸಿನಲ್ಲಿ ನೆನೆದೊಡನೆ ಯಂತ್ರದ ಕೈ ಲೋಟ ಎತ್ತಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದಿರಲ್ಲ, ಮರುದಿನ ಅವಳು ನಮ್ಮ ಮನೆಗೆ ಬಂದಳು.

"ಅಮ್ಮಾ, ಯಂತ್ರ ಹಿಡಿದದ್ದು ನಿಮ್ಮ ಯೋಚನೇನಲ್ಲ. ನೀವು ಹಲ್ಲು ಕಚ್ಚಿದ್ರಲ್ಲ, ಅದನ್ನ. ನಾನೇ ಸರಿಯಾಗಿ ನೋಡ್ಲಿಲ್ಲ" ಎಂದಳು.

ಅಷ್ಟರಲ್ಲಿ ಬೀದಿಗೆಲ್ಲ ಸಾರಿಬಿಟ್ಟಿದ್ದ ನನಗೆ ಮೈಯೆಲ್ಲ ಉರಿಯಿತು. ಒಂದು ಲೋಟ ನೀರೂ ಕೊಡದೆ ಕಳಿಸಿದೆ.

ಈಗ ಯೋಚಿಸಿದರೆ, ಸುಳ್ಳು ಸಂತೋಷದಲ್ಲಿ ನನ್ನನ್ನು ಬಿಡದೆ ಅವಳು ಉಪಕಾರವನ್ನೇ ಮಾಡಿದಳು. ತಪ್ಪು ಒಪ್ಪಿಕೊಂಡ ಅವಳನ್ನು ಗದರದೆ ಪ್ರಯೋಗವನ್ನು ಮತ್ತೆ ಮೊದಲಿನಿಂದ ಶುರು ಮಾಡಿದ ನಿಮಗೂ ನಾನು ಋಣಿ. ದಯವಿಟ್ಟು ಅವಳನ್ನು ಉಳಿಸಿಕೊಳ್ಳಿ.

ಅಂದಿನಿಂದ ಟೋಪಿ ಹಾಕಿದಾಗ ಹಲ್ಲಿಗೆ ಹಲ್ಲು ತಾಗದಂತೆ ನಾನು ಬಾಯಿ ತೆರೆದುಕೊಂಡೇ ಕೂರುತ್ತೇನೆ. ಮೊನ್ನೆ ಯಂತ್ರದ ಬೆರಳೊಂದು ಅಲುಗಿದಾಗ ಅವಳು ಓಡಿ ಬಂದು ಮೊದಲು ನನ್ನ ಬಾಯಿ ನೋಡಿದಳು.

ತೆರೆದೇ ಇತ್ತು ಮೇಡಂ.

ಇಂತಿ, ನಿಮ್ಮಿಬ್ಬರ ಉಪಕಾರ ಮರೆಯದ
ಟೈಲರಮ್ಮ