ಹಿಂಬದಿಯ ಫಿಲ್ಟರ್

ಪಾಂಚೆವೊ
22 ಏಪ್ರಿಲ್ 2023, ಶನಿವಾರ

ಪ್ರೀತಿಯ ದುನ್ಯಾ,

ನೀವೆಲ್ಲ ಕ್ಷೇಮವಾಗಿದ್ದೀರಿ ಎಂದು ನಂಬಿ ಶುರು ಮಾಡಿದೆ. "ನೀವೆಲ್ಲ" ಎಂದು ಬರೆದ ಕೂಡಲೇ ಕೈ ನಿಂತಿತು. ಆ ಮಾತಿನೊಳಗೆ ಈಗ ಎಷ್ಟು ಜನ ಇದ್ದಾರೋ ನನಗೆ ತಿಳಿಯದು. ನೀನಿದ್ದೀಯ, ರೆಲ್ಯಾ ಇದ್ದಾನೆ. ನೆನಾದ್ ಇನ್ನೂ ಆ ಸಹೋದ್ಯೋಗಿಯ ಮನೆಯ ಸೋಫಾದ ಮೇಲೇ ಮಲಗುತ್ತಿದ್ದಾನೆಯೆ?

ಮಾರ್ಚಿನಲ್ಲಿ ನೀನು ಬರೆದದ್ದಕ್ಕೆ ಏಪ್ರಿಲ್ ಮುಗಿಯುವ ಹೊತ್ತಿಗೆ ಉತ್ತರ ಬರೆಯುತ್ತಿದ್ದೇನೆ. ಕ್ಷಮಿಸು. ಕೆಲಸವಿತ್ತು ಎನ್ನಬಹುದು, ಇರಲಿಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅದನ್ನೇ ನೆಪ ಮಾಡಿಕೊಂಡು ಸುಮ್ಮನಾಗಿಬಿಡುತ್ತೇನೆ. ಕಾಗದದ ಮುಂದೆಯೂ ನೆಟ್ಟಗೆ ಕೂರಲಾಗುತ್ತಿಲ್ಲ. ಈ ಎಂಟು ಸಾಲು ಬರೆಯುವಷ್ಟರಲ್ಲಿ ಮೂರು ಸಲ ಎದ್ದೆ. ಒಂದು ಸಲ ಕಾಫಿಗೆ. ಉಳಿದೆರಡು ಸಲ ಏಕೆಂದು ಗೊತ್ತಿಲ್ಲ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಫೆಬ್ರವರಿಯಲ್ಲಿ ನನ್ನ ಮನೆಯಲ್ಲಿ ರೆಲ್ಯಾನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದ ಮೇಲೆ, ಮೇ ಆರಕ್ಕೆ ನಮ್ಮ ಮನೆಯ ಸಂತನ ಹಬ್ಬಕ್ಕೆ, ಸ್ಲಾವಾಕ್ಕೆ, ಅವನನ್ನು ಕರೆತರುವುದು ಕ್ಷೇಮವೇ? ಮನೆ ಸರಿಯಿದೆ ಎಂದರೆ ಬರುತ್ತೇವೆ ಎಂದಿದ್ದೀಯ. ಬರುತ್ತೇವೆ ಎಂದರೆ ನೀನು ಮತ್ತು ಮಗು, ನಿನ್ನ ಗಂಡ ನೆನಾದ್ ಅಲ್ಲ. "ಚಳಿಗಾಲದಲ್ಲಿ ಕಿಟಕಿ ತೆರೆದಿಡುವವನು ಗಾಳಿಯ ಜೊತೆಗೇ ಸಂಸಾರ ಮಾಡಲಿ" ಎಂದು ಕೆಳಗೆ ಎರಡು ಗೆರೆ ಎಳೆದಿದ್ದೀಯ. ಪೆನ್ನು ಹಾಳೆಯನ್ನು ಹರಿದಿದೆ.

ಸರಿ, ಮನೆಯ ಸಂಗತಿ ಹೇಳುತ್ತೇನೆ. ಹೊಸ ವೈದ್ಯೆ ನಿನಗೆ ಕೊಟ್ಟ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಉಣ್ಣೆಯ ಕಾರ್ಪೆಟ್ಟು ಹೋಯಿತು. ಗರಿಯ ದಿಂಬುಗಳು ಹೋದವು. ಮೂರನೆಯದು, "ವ್ಯಾಕ್ಯೂಮ್ ಕ್ಲೀನರ್‌ನ ಫಿಲ್ಟರ್‌ಗಳನ್ನು ಬದಲಿಸಿ." ಅಮ್ಮನ ಕಾಲದ ಯಂತ್ರ ನಿನಗೆ ನೆನಪಿರಬೇಕು. ಕೆಂಪು, ಹಂದಿಮರಿಯ ಹಾಗೆ ದುಂಡಗೆ, ನೀನು ಬಾಲವೆಂದು ಕರೆಯುತ್ತಿದ್ದ ವೈರು. ಅದಕ್ಕೆ ಒಂದಲ್ಲ, ಎರಡು ಫಿಲ್ಟರ್. ಧೂಳಿನ ಚೀಲಕ್ಕೂ ಮೋಟಾರಿಗೂ ನಡುವೆ ಒಂದು ಸ್ಪಂಜು. ಗಾಳಿ ಹೊರಗೆ ಬರುವ ಕಡೆ, ಹಿಂಬದಿಯಲ್ಲಿ, ಮಡಿಕೆ ಮಡಿಕೆಯಾದ ಕಾಗದದ ಇನ್ನೊಂದು. ಸ್ಪಂಜನ್ನು ತಣ್ಣೀರಿನಲ್ಲಿ ತೊಳೆದು ಒಂದು ದಿನ ಪೂರ್ತಿ ಆರಿಸಿ ಮತ್ತೆ ಹಾಕಬಹುದು. ಮಡಿಕೆಯದನ್ನು ತೊಳೆಯುವಂತಿಲ್ಲ, ತೊಳೆದರೆ ನೋಡಲು ಬಿಳಿಯಾಗುತ್ತದೆ, ಕಣ್ಣಿಗೆ ಕಾಣದಂತೆ ಹರಿದಿರುತ್ತದೆ. ವರ್ಷಕ್ಕೊಮ್ಮೆ ಎಸೆದು ಹೊಸದು ಹಾಕಬೇಕು.

ಇದನ್ನೆಲ್ಲ ಮೇಲಿನ ಮನೆಯ ಸ್ಮಿಲ್ಯಾಗೆ ಹೇಳಿದೆ. ಆಕೆ ಎಪ್ಪತ್ತೆಂಟರಲ್ಲೂ ಮೆಟ್ಟಿಲ ಮೇಲೆ ನಿಂತೇ ಊರಿನ ಆಡಳಿತ ನಡೆಸುತ್ತಾರೆ.

"ಎಸೀಬೇಕಾ? ಯಾಕೋ ಮಗಾ, ದುಡ್ಡು ಕಚ್ಚುತ್ತಾ ನಿಂಗೆ? ನಾನು ಕಾಗದದ ಚೀಲಾನೇ ಎಸೆಯಲ್ಲ. ಕೆಳಗೆ ಕತ್ತರಿಸ್ತೀನಿ, ಧೂಳು ಕೊಡವ್ತೀನಿ, ಬಟ್ಟೆ ಕ್ಲಿಪ್ ಹಾಕ್ತೀನಿ. ಆರು ವರ್ಷದಿಂದ ಅದೇ ಚೀಲ!"

"ಮಗೂಗೆ ಅಸ್ತಮಾ, ಸ್ಮಿಲ್ಯಾ ಅತ್ತೆ."

"ಅಸ್ತಮಾ ಧೂಳಿಂದ ಬರಲ್ಲ ಕಣೋ. ಪ್ರೊಮಾಯಾದಿಂದ, ಅಡ್ಡಗಾಳಿಯಿಂದ ಬರತ್ತೆ. ಎದುರು ಬದುರು ಎರಡು ಕಿಟಕಿ ತೆಗೆದ್ರೆ ನಡುವೆ ಯಾರಿರ್ತಾರೋ ಅವರು ಹೋದ್ರು ಅಂತಲೇ. ನಮ್ಮತ್ತೆ ಬಾಯಿ ಸೊಟ್ಟಗಾಗಿದ್ದು ಹೇಗೆ ಅಂದ್ಕೊಂಡೆ? ನಿನ್ನ ತಂಗಿ ಗಂಡ ಆಸ್ಟ್ರಿಯಾದಲ್ಲಿ ಬೆಳೆದೋನು, ದಿನಕ್ಕೆರಡು ಸಲ ಕಿಟಕಿ ತೆಗೆದು ಮನೆ ಒಣಗಿಸೋ ಚಟ. ಪಾಪದ ಕೂಸು!"

ನಾನು ಕೆಳಗಿಳಿದೆ. ನಮ್ಮ ಅಮ್ಮ ಬಸ್ಸಿನಲ್ಲಿ ನಮ್ಮಿಬ್ಬರ ಕತ್ತಿಗೆ ಜೂನ್ ತಿಂಗಳಲ್ಲೂ ಮಫ್ಲರ್ ಸುತ್ತುತ್ತಿದ್ದದ್ದು ನೆನಪಾಯಿತು. ಓದಿದ್ದೇನೆ, ನಗುತ್ತೇನೆ, ಆದರೂ ಹಿಂದಿನಿಂದ ಬಾಗಿಲು ತೆರೆದರೆ ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ.

ಮೊದಲ ವಾರ ತಪ್ಪು ಫಿಲ್ಟರ್ ತಂದೆ. ಎಲ್ಲ ಯಂತ್ರಕ್ಕೂ ಆಗುತ್ತದೆ ಎಂದು ಬರೆದಿದ್ದ ಹಾಳೆಯದು, ಕತ್ತರಿಯಿಂದ ಅಳತೆಗೆ ಕತ್ತರಿಸಿಕೊಳ್ಳುವುದು. ಕತ್ತರಿಸಿ ಕೂರಿಸಿದೆ. ಅಂಚಿನಲ್ಲಿ ಬೆರಳ ಉಗುರಿನಷ್ಟು ಸಂದಿ ಉಳಿಯಿತು. ನಾಲ್ಕು ದಿನ ಓಡಿಸಿದ ಮೇಲೆ ಯಂತ್ರದ ಬೆನ್ನಿನ ಮೇಲೆ, ಸರಿಯಾಗಿ ಆ ಸಂದಿಯ ಮುಂದೆ, ಬೂದು ಗೆರೆಯೊಂದು ಮೂಡಿತ್ತು. ಗಾಳಿ ಫಿಲ್ಟರಿನ ಮೂಲಕ ಹೋಗುವ ಕಷ್ಟ ಏಕೆ ಪಡುತ್ತದೆ, ಪಕ್ಕದಲ್ಲಿ ದಾರಿಯಿದ್ದರೆ? ಅದನ್ನು ಕಿತ್ತು ಎಸೆದೆ. ಹಾಗಾಗಿ ನಿನ್ನೆ ಮತ್ತೆ ಬಸ್ ನಿಲ್ದಾಣದ ಹಿಂದಿನ ಲಾಜಾನ ಬಿಡಿಭಾಗದ ಅಂಗಡಿಗೆ ಹೋದೆ.

"ಮಾಡೆಲ್ ನಂಬರ್ ಹೇಳಿ ಪ್ರೊಫೆಸರ್ರೇ" ಎಂದ. ಅವನಿಗೆ ಓದು ಬಲ್ಲವರೆಲ್ಲ ಪ್ರೊಫೆಸರ್.

"ಕೆಂಪು ಬಣ್ಣದ್ದು. ಅಡಿಯ ಚೀಟಿ ಅಳಿಸಿಹೋಗಿದೆ."

"ಕೆಂಪು ಬಣ್ಣದ್ದು!" ಅವನು ಹಿಂದಿದ್ದ ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯಾ? ಹುಡುಗಿ ಹೆಸರು ಗೊತ್ತಿಲ್ಲ, ಕೆಂಪು ಲಂಗ ಹಾಕಿದ್ಲು, ಮದ್ವೆ ಮಾಡ್ಸಿ ಅಂತಾರೆ." ಆಮೇಲೆ ಕೌಂಟರಿನ ಮೇಲೆ ಬಾಗಿ, "ಹಿಂದಿನ ಮುಚ್ಚಳ ತಂದಿದ್ದೀರಾ? ಅಷ್ಟು ಬುದ್ಧಿ ಇದೆ, ಪುಣ್ಯ" ಎಂದು ಅಳೆದು ನೋಡಿದ. ಒಳಗಿನಿಂದ ಒಂದು ಪೊಟ್ಟಣ ತಂದು ಅಂಚಿನ ರಬ್ಬರನ್ನು ತೋರಿಸಿದ. "ಕಾಗದ ಎಷ್ಟು ಒಳ್ಳೇದು ಅಂತ ಎಲ್ಲಾರೂ ಕೇಳ್ತಾರೆ. ರಬ್ಬರ್ ಯಾರೂ ನೋಡಲ್ಲ. ಇದು ಗಟ್ಟಿಯಾಗಿ ಕೂತ್ರೆ ಮಾತ್ರ ಆ ಕಾಗದಕ್ಕೆ ಬೆಲೆ. ಒತ್ತಿದಾಗ ಟಕ್ ಅನ್ನಬೇಕು."

"ಹಳೆಯದು ಎಷ್ಟು ದಿನ ಬರುತ್ತಿತ್ತು?" ಎಂದೆ, ಏನಾದರೂ ಕೇಳಬೇಕಲ್ಲ ಎಂದು.

"ಹಳೇದಾ? ಈ ಊರಲ್ಲಿ ಅರ್ಧಕ್ಕರ್ಧ ಜನ ಹಿಂದಿನ ಫಿಲ್ಟರ್ ತೆಗೆದುಹಾಕೇ ಓಡಿಸೋದು. ಕಟ್ಟಿಕೊಂಡಿತ್ತು, ತೆಗೆದ ಮೇಲೆ ಎಳೆತ ಜೋರಾಯ್ತು ಅಂತ ಬಂದು ಹೆಮ್ಮೆಯಿಂದ ಹೇಳ್ತಾರೆ ನಂಗೆ! ಮುಂದಿಂದ ಎಳ್ಕೊಂಡಿದ್ದು ಹಿಂದಿಂದ ಮನೆಗೇ ವಾಪಸ್. ಅದೂ ಹಿಟ್ಟಿನ ಹಾಗೆ ನುಣ್ಣಗಾಗಿ. ಧೂಳಿಗೆ ಬಸ್ ಸರ್ವೀಸ್ ಇಟ್ಟ ಹಾಗೆ."

ಲಾಜಾ ನಕ್ಕ, ಅವನ ಹೆಂಡತಿ ನಕ್ಕಳು. ನಾನೂ ನಕ್ಕೆ. ಅವರಿಗಿಂತ ತುಸು ಹೆಚ್ಚು ಹೊತ್ತು ನಕ್ಕೆ.

ನನ್ನ ಉದ್ಯೋಗ ನಿನಗೆ ಗೊತ್ತಲ್ಲ, ಯಾರೂ ಓದದ ಪುಸ್ತಕಗಳನ್ನು ಜರ್ಮನ್‌ನಿಂದ ನಮ್ಮ ಭಾಷೆಗೆ ತರುವುದು. ಪಾತ್ರೆ ತೊಳೆಯುವ ಯಂತ್ರದ ಕೈಪಿಡಿ, ಇಸ್ತ್ರಿಪೆಟ್ಟಿಗೆಯ ಕೈಪಿಡಿ. ವ್ಯಾಕ್ಯೂಮ್ ಕ್ಲೀನರ್‌ನವೇ ಮೂವತ್ತಾದರೂ ಆಗಿರಬೇಕು. ನಿನ್ನೆ ಮನೆಗೆ ಬಂದು ಹಳೆಯ ಕಡತಗಳನ್ನು ತೆರೆದು ಕೂತೆ. ಪ್ರತಿಯೊಂದರ ಆರನೆಯ ಪುಟದಲ್ಲೋ ಏಳನೆಯ ಪುಟದಲ್ಲೋ ಒಂದೇ ವಾಕ್ಯ: "ಫಿಲ್ಟರ್ ಇಲ್ಲದೆ ಯಂತ್ರವನ್ನು ಎಂದಿಗೂ ಚಲಾಯಿಸಬೇಡಿ." ಒಂದರಲ್ಲಿ "ಎಂದಿಗೂ" ಬಿಟ್ಟಿದ್ದೇನೆ. ಅನಗತ್ಯ ಒತ್ತು ಎನಿಸಿರಬೇಕು.

ಕತ್ತಲಾಗುತ್ತಿದೆ. ನಾಳೆ ಮುಂದುವರಿಸುತ್ತೇನೆ.

ಮಂಗಳವಾರ

ನಾಳೆ ಎಂದವನು ಮೂರು ದಿನ ಬಿಟ್ಟು ಕೂತಿದ್ದೇನೆ. ಭಾನುವಾರ ನೆನಾದ್ ಬಂದಿದ್ದ. ನಿನಗೆ ಹೇಳಬೇಡ ಎಂದ, ಹೇಳುತ್ತಿದ್ದೇನೆ.

ಬೆಲ್ ಆದಾಗ ಸ್ಮಿಲ್ಯಾ ಇರಬೇಕೆಂದು ಬಾಗಿಲು ತೆರೆದೆ. ಕೈಯಲ್ಲಿ ರೆಲ್ಯಾನಿಗೆಂದು ತಂದ ಮರದ ಟ್ರ್ಯಾಕ್ಟರ್ ಹಿಡಿದು ನಿಂತಿದ್ದ. ನೀನು ಕೊಡಲು ಬಿಡುವುದಿಲ್ಲವಂತೆ, ಸ್ಲಾವಾದ ದಿನ ನಾನು ಕೊಡಬೇಕಂತೆ. ಸೊರಗಿದ್ದಾನೆ. ಒಳಗೆ ಬಂದವನು ಷೂ ಬಿಚ್ಚಿ, ಕೋಟು ಬಿಚ್ಚುವ ಮೊದಲೇ ನೇರ ಅಡುಗೆಮನೆಗೆ ಹೋಗಿ ಓರೆಯಾಗಿದ್ದ ಕಿಟಕಿಯನ್ನು ಮುಚ್ಚಿದ.

"ಇರಲಿ ಬಿಡು, ಸೆಕೆ ಇದೆ" ಎಂದೆ.

"ಬೇಡ ಭಾವ." ಚಿಲಕ ಬಿದ್ದಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡಿದ. "ದುನ್ಯಾಗೆ ಹೇಳಿ. ನಾನಿನ್ನು ಕಿಟಕಿ ಮುಟ್ಟಲ್ಲ ಅಂತ ಹೇಳಿ. ಬೇಕಾದ್ರೆ ಬರೆದುಕೊಡ್ತೀನಿ."

"ಕಿಟಕಿ ಮುಟ್ಟದೆ ಬದುಕೋಕಾಗುತ್ತಾ ಮಾರಾಯ?"

"ಅಲ್ಲಿ ಸೋಫಾ ಮೇಲೆ ಮಲಗಿರ್ತೀನಿ, ಆ ಕೋಣೆಗೆ ಕಿಟಕೀನೇ ಇಲ್ಲ. ಅಭ್ಯಾಸ ಆಗ್ತಿದೆ." ನಗಲು ನೋಡಿದ. "ಲಿಂಟ್ಸ್‌ನಲ್ಲಿ ನಮ್ಮಮ್ಮ ಇಡೀ ದಿನ ಬೇರೆಯವರ ಮನೆ ಗುಡಿಸಿ ಬರೋರು. ಬಂದ ತಕ್ಷಣ ನಮ್ಮನೆ ಕಿಟಕಿ ತೆಗೆಯೋರು. ಒಳ್ಳೇದು ಅಂದ್ಕೊಂಡಿದ್ದೆ ಭಾವ. ನಿಜವಾಗ್ಲೂ ಒಳ್ಳೇದು ಅಂತಲೇ ಅಂದ್ಕೊಂಡಿದ್ದೆ."

ನಾನು ಮಾತು ಬದಲಿಸಿದೆ. ಹೊಸ ಫಿಲ್ಟರ್ ಕೂರಿಸಬೇಕು, ಟಾರ್ಚ್ ಹಿಡಿ ಎಂದೆ. ಇಬ್ಬರೂ ನೆಲದ ಮೇಲೆ ಕೂತು ಆ ಕೆಂಪು ಯಂತ್ರವನ್ನು ಮಗುಚಿದೆವು. ಅವನು ಹಿಂದಿನ ಮುಚ್ಚಳ ತೆಗೆದ. ಒಳಗೆ ಖಾಲಿ.

"ಹಳೇದೆಲ್ಲಿ?"

"ಎಸೆದೆ."

ಅವನು ತಲೆಯಾಡಿಸಿದ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಒದ್ದೆ ಬಟ್ಟೆಯಿಂದ ಆ ಖಾಲಿ ಗೂಡನ್ನು ಮೂಲೆ ಮೂಲೆ ಒರೆಸಿದ. ರಬ್ಬರಿನ ಅಂಚನ್ನು ಬೆರಳಿನಿಂದ ಸುತ್ತಲೂ ಒತ್ತಿದ. ಟಕ್ ಎಂದಿತು. "ಈಗ ಸರಿ" ಎಂದ. ಟೀ ಕುಡಿಯದೆ ಹೋದ. ಅವನು ಬೀದಿಯ ತಿರುವು ದಾಟುವವರೆಗೂ ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ನಿಂತಿದ್ದೆ.

ಹಾಗಾದರೆ ನಿನ್ನ ಪ್ರಶ್ನೆಗೆ ಉತ್ತರ: ಹೌದು, ಮನೆ ಈಗ ಕ್ಷೇಮ. ಬಾ. ಹಬ್ಬದ ಗೋಧಿ ಬೇಯಿಸುವುದನ್ನು ಸ್ಮಿಲ್ಯಾ ಒಪ್ಪಿಕೊಂಡಿದ್ದಾರೆ. ಸಾರ್ಮಾಕ್ಕೆ ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತುವ ಕೆಲಸ ನನ್ನದು, ಆದ್ದರಿಂದ ಹೆಚ್ಚು ಆಸೆ ಇಟ್ಟುಕೊಳ್ಳಬೇಡ. ಈಸ್ಟರ್‌ಗೆ ನೀವು ಬರದಿದ್ದರೂ ಮೊದಲು ಬಣ್ಣ ಹಾಕಿದ ಕೆಂಪು ಮೊಟ್ಟೆಯನ್ನು ರೆಲ್ಯಾನ ಹೆಸರಿನಲ್ಲಿ ಕಪಾಟಿನಲ್ಲಿ ಇಟ್ಟಿದ್ದೇನೆ. ಅವನ ಎದೆ ಹಗುರವಾಗಿರಲಿ, ನಿನಗೆ ರಾತ್ರಿ ನಿದ್ದೆ ಬರಲಿ, ನಮ್ಮ ಮನೆಯ ಸಂತ ಜಾರ್ಜ್ ನಿಮ್ಮ ಮೂವರ ಮೇಲೂ ಕಣ್ಣಿಟ್ಟಿರಲಿ. ಮೂವರು ಎಂದೇ ಬರೆದಿದ್ದೇನೆ, ತಿದ್ದುವುದಿಲ್ಲ.

ನಿನ್ನ ಅಣ್ಣ
ಸ್ತೊಯಾನ್

ಮರೆತ ಮಾತು: ಮರೆತದ್ದಲ್ಲ. ಇಷ್ಟೂ ಹಾಳೆ ಬರೆದದ್ದು ಇದನ್ನು ಬರೆಯದಿರಲು.

ಫೆಬ್ರವರಿಯ ಆ ಶನಿವಾರ ನೀವಿಬ್ಬರೂ ಸಂತೆಗೆ ಹೊರಟಾಗ ನೆನಾದ್ ಎರಡೂ ಕಿಟಕಿ ತೆರೆದಿದ್ದ, ನಿಜ. ರೆಲ್ಯಾನಿಗೆ ಕೋಟು ಹಾಕಿಸಿ, "ಹತ್ತೇ ನಿಮಿಷ ಭಾವ, ಆಮೇಲೆ ಮುಚ್ಚಿ" ಎಂದಿದ್ದ. ನಿಮ್ಮ ಹೆಜ್ಜೆ ಮೆಟ್ಟಿಲ ಮೇಲೆ ಇನ್ನೂ ಕೇಳಿಸುತ್ತಿರುವಾಗಲೇ ನಾನು ಎರಡನ್ನೂ ಮುಚ್ಚಿದೆ. ಪ್ರೊಮಾಯಾ. ಆಮೇಲೆ ಗುಡಿಸಲು ಶುರು ಮಾಡಿದೆ. ಯಂತ್ರ ಎಳೆಯುತ್ತಿರಲಿಲ್ಲ. ಹಿಂಬದಿಯ ಫಿಲ್ಟರ್ ತೆಗೆದೆ, ಕಪ್ಪಗಾಗಿತ್ತು, ಕಸದ ಬುಟ್ಟಿಗೆ ಹಾಕಿದೆ. ಎಳೆತ ಜೋರಾಯಿತು. ನನಗೆ ಖುಷಿಯಾಯಿತು, ದುನ್ಯಾ. ಉಣ್ಣೆಯ ಕಾರ್ಪೆಟ್ಟನ್ನು ಮುಕ್ಕಾಲು ಗಂಟೆ ಗುಡಿಸಿದೆ. ಮಗು ಮೇಜಿನ ಕೆಳಗೆ, ಯಂತ್ರದ ಬೆನ್ನ ಹಿಂದೆ, ಆಡುತ್ತಿದ್ದ.

"ಮಾವ, ಕಿಟಕಿ ತೆಗಿ" ಎಂದ. "ಈಗ ಬೇಡ ಪುಟ್ಟಾ, ಗಾಳಿ ಬಡಿಯತ್ತೆ" ಎಂದೆ. ಇನ್ನೊಮ್ಮೆ ಹೇಳಿದ. ಯಂತ್ರ ನಿಲ್ಲಿಸಿದಾಗಲೇ ಅವನ ಎದೆಯ ಸಿಳ್ಳು ಕೇಳಿಸಿದ್ದು. ಉಸಿರಿನ ಪಂಪು ಕೊಟ್ಟೆ, ಎರಡೂ ಕಿಟಕಿ ತೆರೆದೆ, ಯಂತ್ರವನ್ನು ಕಪಾಟಿಗೆ ತಳ್ಳಿದೆ. ನೀವು ಬಂದಾಗ ಕಿಟಕಿ ತೆರೆದೇ ಇತ್ತು. ನೀನು ಕಿಟಕಿ ನೋಡಿದೆ, ಆಮೇಲೆ ನೆನಾದ್‌ನನ್ನು ನೋಡಿದೆ. "ತೆರೆದಿದ್ದು ನಾನೇ" ಎಂದ ಅವನು. ಅವನು ಹೇಳಿದ್ದು ನಿಜವೇ. ಆಸ್ಪತ್ರೆಯಲ್ಲಿ ಧೂಳೇನಾದರೂ ಎದ್ದಿತ್ತೇ ಎಂದು ಕೇಳಿದರು, ನಾನು ಇಲ್ಲ ಎಂದೆ. ನೀನು ನನ್ನ ಕೈ ಹಿಡಿದು, ನೀನಿಲ್ಲದಿದ್ದರೆ ಏನಾಗುತ್ತಿತ್ತೋ ಅಣ್ಣ ಎಂದೆ. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಈ ಟಿಪ್ಪಣಿಯಷ್ಟನ್ನು ಬೇರೆ ಹಾಳೆಯಲ್ಲಿ ಬರೆದು ಇಂದು ಬೆಳಿಗ್ಗೆಯೇ ನೆನಾದ್‌ನ ಕಚೇರಿಗೆ ಅಂಚೆಯಲ್ಲಿ ಹಾಕಿ ಬಂದೆ. ಅವನದು ಹೋದ ಮೇಲೆ ನಿನ್ನದನ್ನು ಇಟ್ಟುಕೊಂಡು ಕೂರಲಾಗುವುದಿಲ್ಲ ಎಂದು. ಆರನೆಯ ತಾರೀಖು ನೀವು ಮೂವರೂ ಬರಬಹುದು, ಯಾರೂ ಬಾರದೆಯೂ ಇರಬಹುದು. ಅದನ್ನು ಕೇಳುವ ಹಕ್ಕು ನನಗಿಲ್ಲ.

ಒಂದು ಮಾತ್ರ. ಆರು ವರ್ಷದವನನ್ನು ಯಾರೂ ಕೇಳಲಿಲ್ಲ, ನೀನಾದರೂ ಕೇಳು. ಅವನು ಎಷ್ಟು ಸಲ ಕರೆದನೆಂದು ಅವನಿಗೆ ಗೊತ್ತಿರುತ್ತದೆ. ನನಗೆ ಕೇಳಿಸಿದ್ದು ಎರಡೇ ಸಲ.