ಉಪವಾಸದ ತಿಂಗಳ ಫ್ರೀಜರ್

ಕ್ರಾಗುಯೆವಾತ್ಸ್,
ಡಿಸೆಂಬರ್ ೧೪, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಬಾನ್ಯಾದ ಬಿಸಿನೀರ ಬುಗ್ಗೆಯಿಂದ, ಬಿಸಿ ಕೆಸರಿನಿಂದ ಊತ ಇಳಿಯಿತೇ, ಇಲ್ಲ ಪ್ರತಿ ವರ್ಷದಂತೆ ಸಂಜೆಯ ಇಸ್ಪೀಟೇ ನಿನ್ನನ್ನು ಗುಣಪಡಿಸುತ್ತಿದೆಯೇ? ರಾತ್ರಿ ಕಾಲು ಬೆಚ್ಚಗಿಟ್ಟುಕೋ. ಅಮ್ಮ ಚೆನ್ನಾಗಿದ್ದಾಳೆ. ನಮ್ಮ ಮನೆಯ ಸಂತನ ಹಬ್ಬ ಇನ್ನೇನು ಬಂತು, ಸ್ಲಾವಾಕ್ಕೆ ಮೀನು ಹೇಳಿ ಬಂದಿದ್ದಾಳೆ, ಪರದೆಗಳನ್ನೆಲ್ಲ ಒಗೆದು ಹಾಕಿದ್ದಾಳೆ, ಫೋನನ್ನು ಬೇಕೆಂದೇ ಡ್ರಾಯರಿನಲ್ಲಿ ಬಿಟ್ಟು ಹೋದೆ ಎಂದು ದಿನವೂ ನಿನ್ನನ್ನು ಬೈಯುತ್ತಾಳೆ. ನಿನ್ನೆ ಅಲ್ಲಿಯ ಚಿಕಿತ್ಸಾಲಯದ ಕಚೇರಿಗೆ ಫೋನ್ ಮಾಡಿದೆ. ಅಪ್ಪನಿಗೆ ಕಾರು ಮುಟ್ಟಬೇಡ ಎಂದು ಹೇಳಿ ಎಂದೆ. ಕಚೇರಿಯ ಹುಡುಗಿ ನಿನ್ನ ಹತ್ತಿರ ಹೋಗಿ ಬಂದು, “ನನ್ನ ಮಗಳಿಗೆ ಎಲ್ಲದಕ್ಕೂ ಭಯ, ಹದಿನೆಂಟನೇ ತಾರೀಕಿಗೆ ನಾನೇ ಓಡಿಸ್ಕೊಂಡು ಬರ್ತೀನಿ ಅಂದ್ರು” ಎಂದು ನಗುತ್ತಾ ಹೇಳಿದಳು. ಅದಕ್ಕೇ ಈ ಪತ್ರ. ಪೂರ್ತಿ ಓದುವವರೆಗೆ ಕಾರಿನ ಬೀಗದ ಕೈ ಜೇಬಿನಲ್ಲೇ ಇರಲಿ.

ನೀನು ಹೊರಡುವ ಮುಂಚೆ ನನ್ನ ಧರ್ಮಪಿತ ತಿಹೋಮಿರ್ ಕುಮ್, ಕಾರ್ಖಾನೆಯ ಯಜಮಾನರಾದರೂ, ತಾವೇ ಕೆಳಗೆ ಮಲಗಿ ನಿನ್ನ ಕಾರಿಗೆ ಎರಡು ಹೊಸ ಲೋವರ್ ಆರ್ಮ್ ಹಾಕಿಕೊಟ್ಟರಲ್ಲ, ಅವು ಸರಿಯಿಲ್ಲ ಅಪ್ಪಾ. ಮುಂದಿನ ಎರಡು ಚಕ್ರಗಳನ್ನು ಹಿಡಿದುಕೊಂಡಿರುವುದು ಅವೇ ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಕುಮ್ ಅವರ ಕಾರ್ಖಾನೆಯಲ್ಲಿ ನಮ್ಮ ಕೆಲಸ ಎಂಥದ್ದೆಂದು ನಿನಗೆ ಗೊತ್ತು. ಕಂಪನಿ ತಯಾರಿಸುವುದನ್ನೇ ಬಿಟ್ಟ ಕಾರುಗಳಿಗೆ ನಾವು ಬಿಡಿಭಾಗ ಮಾಡಬೇಕು, ನಕ್ಷೆ ಯಾರೂ ಕೊಡುವುದಿಲ್ಲ. ಎಲ್ಲಿಂದಲೋ ಒಂದು ಅಸಲಿ ಭಾಗ ತಂದು, ಕೊಯ್ದು, ಅಳೆದು, ಹಾಗೇ ಮಾಡುತ್ತೇವೆ. ಕಬ್ಬಿಣದ ಅಳತೆ ಸಿಗುತ್ತದೆ. ಆದರೆ ಆರ್ಮಿನ ತುದಿಯಲ್ಲಿ ಬಟ್ಟಲೊಳಗೆ ಗುಂಡು ತಿರುಗುತ್ತದಲ್ಲ, ನಿನ್ನ ಮೊಣಕಾಲಿನ ಹಾಗೆ, ಅದಕ್ಕೆ ತೊಡಿಸುವ ರಬ್ಬರ್ ಟೋಪಿಯಲ್ಲಿ ಏನೇನು ಬೆರೆಸಿದ್ದಾರೆ ಎಂಬುದನ್ನು ಯಾವ ಅಳತೆಗೋಲೂ ಹೇಳುವುದಿಲ್ಲ. ಒಬ್ಬರು ಕೊಟ್ಟ ರಬ್ಬರ್ ಗ್ರೀಸಿಗೆ ಉಬ್ಬಿತು, ಇನ್ನೊಬ್ಬರದು ಬಿಸಿಲಿಗೆ ಬಿರಿಯಿತು. ಇಡೀ ವರ್ಷ ಇದೇ ಆಯಿತು. ಕೊನೆಗೆ ಸರಿಯಾದದ್ದೊಂದು ಸಿಕ್ಕಿತು ಎಂದುಕೊಂಡೆವು.

ಚಳಿಯ ಪರೀಕ್ಷೆಗೆ ದೊಡ್ಡ ಕಾರ್ಖಾನೆಗಳಲ್ಲಿ ಬೇರೆ ಕೋಣೆಯೇ ಇರುತ್ತದೆ. ನಮಗೆ ಎದುರಿನ ಮಾಂಸದಂಗಡಿಯ ಮಿಲೂಟಿನ್ ಇದ್ದಾನೆ. ಉಪ್ಪುನೀರಿನ ಪರೀಕ್ಷೆಗೆ ಅಮ್ಮನ ಎಲೆಕೋಸಿನ ಹಳೇ ಪೀಪಾಯಿ. ಅದನ್ನು ಕೊಂಡುಹೋಗುವಾಗ “ಇದರಲ್ಲಿ ಕೋಸು ಹುಳಿ ಬರಿಸ್ತೀರೋ, ಕಬ್ಬಿಣ ಹುಳಿ ಬರಿಸ್ತೀರೋ?” ಎಂದು ಅಮ್ಮ ಕೇಳಿದಳು. ನವೆಂಬರ್ ಕೊನೆಯಲ್ಲಿ ಆರ್ಮ್‌ಗಳನ್ನು ಉಪ್ಪುನೀರಿನಲ್ಲಿ ನೆನೆಸಿ, ಕುಲುಕುವ ಯಂತ್ರದ ಸಮೇತ ಮಿಲೂಟಿನ್‌ನ ಫ್ರೀಜರ್ ಕೋಣೆಯಲ್ಲಿಟ್ಟೆ. ಬಾಗಿಲು ಹಾಕುವಾಗ ಥರ್ಮಾಮೀಟರಿನ ಮುಳ್ಳು ಸೊನ್ನೆಗಿಂತ ಬಹಳ ಕೆಳಗಿತ್ತು, ನಾನೇ ನೋಡಿದೆ. ತಣ್ಣಗಿನ ಗಾಳಿ ಹೊರಗೆ ಹೋಗಬಾರದೆಂದು ಆಮೇಲೆ ಬಾಗಿಲು ತೆಗೆಯಲೇ ಇಲ್ಲ. ಕೆಲವು ದಿನ ಬಿಟ್ಟು ತೆಗೆದಾಗ ರಬ್ಬರಿನ ಮೇಲೆ ಒಂದು ಗೆರೆಯೂ ಇರಲಿಲ್ಲ. ಆ ಸಂತೋಷದಲ್ಲಿ ಮುಳ್ಳನ್ನು ಮತ್ತೆ ನೋಡಲೇ ಇಲ್ಲ. ಕುಮ್ ನನ್ನ ಹಣೆಗೆ ಮುತ್ತಿಟ್ಟು ಎಲ್ಲರ ಲೋಟಕ್ಕೂ ರಕಿಯಾ ಸುರಿದರು. ನಮ್ಮಲ್ಲಿ ಹೊಸ ಭಾಗ ಮೊದಲು ಹೋಗುವುದು ನೆಂಟರಿಷ್ಟರ ಕಾರಿಗೆ ತಾನೇ? “ನನ್ನದಕ್ಕೆ ಹಾಕಿ” ಎಂದು ನೀನೇ ಮುಂದೆ ಬಿದ್ದೆ.

ಈ ವಾರ ಸಾಸೇಜು ತರಲು ಮಿಲೂಟಿನ್‌ನ ಅಂಗಡಿಗೆ ಹೋದೆ. ಕ್ರಿಸ್ಮಸ್ಸಿಗೆ ಮುಂಚೆ ಮಾಂಸ ಬಿಡುವ ಉಪವಾಸದ ತಿಂಗಳಲ್ಲಿ ನಾನೇನು ಸಾಸೇಜು ತಿನ್ನುವುದು ಎಂದು ನೀನು ಬೈಯುವೆ, ಬೈಯಿ. ಅವನು ಮುಖ ಸಣ್ಣಗೆ ಮಾಡಿಕೊಂಡು, “ಎಲ್ಲಿಂದ ತರ್ಲಮ್ಮ? ನವೆಂಬರ್ ಇಪ್ಪತ್ತೆಂಟಕ್ಕೆ, ಉಪವಾಸ ಶುರುವಾದ ದಿನವೇ ದೊಡ್ಡ ಫ್ರೀಜರ್ ಖಾಲಿ ಮಾಡಿ ಆರಿಸ್ಬಿಟ್ಟೆ. ಹೊಸ ವರ್ಷದ ಹಂದಿ ಬರೋವರೆಗೂ ಕರೆಂಟ್ ಯಾಕೆ ದಂಡ?” ಎಂದ. ನನ್ನ ಯಂತ್ರ ಒಳಗೇ ಇತ್ತಲ್ಲ ಮಾರಾಯ ಎಂದರೆ, “ಅದೇನು ಕೊಳೆಯುತ್ತಾ?” ಎಂದು ಕೇಳುತ್ತಾನೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚಳಿಯೇ ಇಲ್ಲದ ಕೋಣೆಯಲ್ಲಿ ಚಳಿಯ ಪರೀಕ್ಷೆ ಮುಗಿಸಿ ನಾವು ರಕಿಯಾ ಕುಡಿದಿದ್ದೆವು. ಮತ್ತೆ ಫ್ರೀಜರ್ ಹಾಕಿಸಿ, ಕೋಟು ತೊಟ್ಟು ಒಳಗೇ ಕೂತು ನೋಡಿದೆ. ರಬ್ಬರ್ ಹಪ್ಪಳದ ಹಾಗೆ ಬಿರಿಯಿತು. ಉಪ್ಪುನೀರು ಒಳಗಿಳಿಯಿತು, ಗುಂಡು ತುಕ್ಕು ಹಿಡಿದು ಸಡಿಲವಾಯಿತು, ಕೊನೆಗೆ ಬಟ್ಟಲಿನಿಂದ ಕಳಚಿ ಬಂತು. ರಸ್ತೆಯ ಮೇಲಾಗಿದ್ದರೆ ಚಕ್ರ ಮಡಚಿಕೊಳ್ಳುತ್ತಿತ್ತು. ನೀನಿರುವಲ್ಲಿ ಹಿಮ ಬಿದ್ದಿದೆ, ದಾರಿಗೆಲ್ಲ ಉಪ್ಪು ಚೆಲ್ಲಿದ್ದಾರೆ ಎಂದು ರೇಡಿಯೋದಲ್ಲಿ ಹೇಳಿದರು. ಆಗಿನಿಂದ ನನಗೆ ಊಟ ರುಚಿಸುತ್ತಿಲ್ಲ.

ಆ ಹೊತ್ತಿಗೆ ಇದೇ ಆರ್ಮ್‌ಗಳನ್ನು ತುಂಬಿಕೊಂಡು ಬಲ್ಗೇರಿಯಾಕ್ಕೆ ಹೋಗಬೇಕಿದ್ದ ಲಾರಿ ಅಂಗಳಕ್ಕೆ ಬಂದು ನಿಂತಿತ್ತು. ಪರೀಕ್ಷೆ ಆಗಿದೆ ಎಂದು ನಾನು ಸಹಿ ಹಾಕಬೇಕಿತ್ತು, ಹಾಕಲಿಲ್ಲ. ಕುಮ್ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. “ದೀಕ್ಷಾಸ್ನಾನದಲ್ಲಿ ನಿನ್ನನ್ನ ಈ ಕೈಯಲ್ಲಿ ಎತ್ತಿಕೊಂಡಿದ್ದೆ. ಕುಮ್‌ಗೆ ಇಲ್ಲ ಅಂತೀಯಾ?” ಎಂದರು. ಈ ಲಾರಿ ಹೋಗದಿದ್ದರೆ ಹುಡುಗರಿಗೆ ಹಬ್ಬಕ್ಕೆ ಸಂಬಳವಿಲ್ಲ, ಅದು ನನಗೂ ಗೊತ್ತು. ನಾನು, “ಅಪ್ಪನ ಕಾರಿಗೆ ಹಾಕಿದವರು ನೀವೇ” ಎಂದೆ. ಅವರು, “ನಿಮ್ಮಪ್ಪ ನಿಧಾನಕ್ಕೆ ಓಡಿಸ್ತಾನೆ, ಏನೂ ಆಗಲ್ಲ” ಎಂದರು. ಆಗ ನನ್ನ ಬಾಯಿಂದ ಏನೇನೋ ಬಂತು, ಅದನ್ನಿಲ್ಲಿ ಬರೆಯಲಾರೆ. “ಹಾಗಿದ್ರೆ ನಿಮ್ಮ ಮನೆ ಸ್ಲಾವಾಕ್ಕೆ ನನಗೆ ಕಾಯಬೇಡಿ” ಎಂದು ಹೇಳಿ ಹೊರಟುಹೋದರು. ನಾನು ಹುಟ್ಟುವ ಮೊದಲಿನಿಂದ ಒಂದು ವರ್ಷವೂ ತಪ್ಪದೆ ನಮ್ಮ ಮೇಜಿನಲ್ಲಿ ನಿನ್ನ ಬಲಕ್ಕೆ ಕೂತ ಮನುಷ್ಯ ಅಪ್ಪಾ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು, ಕುಮ್‌ನನ್ನು ಎಲ್ಲಿಂದ ಹುಡುಕಿ ತರಲಿ? ಬಹಳ ದಣಿದಿದ್ದೇನೆ. ಸರಿಯಾದದ್ದನ್ನೇ ಮಾಡಿದೆ ಎಂದು ನೀನೊಮ್ಮೆ ಹೇಳಿದರೆ ನಿದ್ದೆ ಬಂದೀತು.

ನೀನು ಬಸ್ಸಿನಲ್ಲಿ ಬಾ. ಕಾರು ಅಲ್ಲೇ ಹಿಮದಲ್ಲಿ ನಿಂತಿರಲಿ, ಯಾರೂ ಕದಿಯುವುದಿಲ್ಲ. ಅಮ್ಮ ಉಣ್ಣೆಯ ಕಾಲುಚೀಲ ಕಳಿಸಿದ್ದಾಳೆ, ಹಾಕಿಕೋ. ಸಂತ ನಿಕೋಲ ನಿನ್ನನ್ನು ಕ್ಷೇಮವಾಗಿ ಮನೆಗೆ ಕರೆತರಲಿ. ನಿನ್ನ ಕೈಗೆ ಮುತ್ತು.

ನಿನ್ನ,
ಬೋಯಾನಾ

ಮರೆತೆ, ಮರೆತದ್ದಲ್ಲ, ಈಗಷ್ಟೇ ಆದದ್ದು: ಪತ್ರವನ್ನು ಬಸ್ಸಿನ ಡ್ರೈವರ್ ಕೈಗೆ ಕೊಡಲು ಹೊರಟಿದ್ದೆ. ಬಾಗಿಲು ತೆಗೆದರೆ ಕುಮ್ ನಿಂತಿದ್ದಾರೆ. ಒಳಗೆ ಬರಲಿಲ್ಲ, ಅಮ್ಮನ ಕಾಫಿಯೂ ಬೇಡವಂತೆ. ಲಾರಿಯನ್ನು ಖಾಲಿ ಕಳಿಸಿದರಂತೆ. ನಮ್ಮ ಶೆಡ್ಡಿನಿಂದ ನಿನ್ನ ಕಾರಿನ ಹಳೇ ಆರ್ಮ್‌ಗಳನ್ನೂ ಜ್ಯಾಕನ್ನೂ ಎತ್ತಿ ವ್ಯಾನಿಗೆ ಹಾಕಿಕೊಂಡು, “ಏನು ಬರೆದಿದ್ದೀಯೋ ಕೊಡು ಇಲ್ಲಿ, ನಾನೇ ಹೋಗ್ತೀನಿ” ಎಂದರು, ಅಷ್ಟೇ. ಈ ಪತ್ರ ನಿನ್ನ ಕೈಗಿತ್ತವರು ಅವರೇ. ಬೀಗದ ಕೈ ಕೊಡು, ಏನೂ ಕೇಳಬೇಡ. ಸ್ಲಾವಾಕ್ಕೆ ಯಾರನ್ನೂ ಕರೆಯುವ ಪದ್ಧತಿ ಇಲ್ಲ, ಬರುವವರು ತಾವಾಗಿ ಬರುತ್ತಾರೆ, ಗೊತ್ತು. ಆದರೆ ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದವರು ತಾವಾಗಿ ಹೇಗೆ ಬಂದಾರು? ಈ ಸಲ ನೀನೇ ಕರೆ ಅಪ್ಪಾ. ಅವರು ಕಾರಿನ ಕೆಳಗೆ ಮಲಗಿರುವಾಗಲೇ ಕರೆ, ಆಗ ಒಬ್ಬರ ಮುಖ ಒಬ್ಬರು ನೋಡಬೇಕಾಗುವುದಿಲ್ಲ.